ಕಷ್ಟದ ನಡುವಿನ ಬಸಿರು: ಹೆರಿಗೆಯ ಆರೈಕೆಯುದ್ದಕ್ಕೂ ಜೊತೆಗಿರುವ ಬಗೆ

ತಪಾಸಣೆಗೆ ಬರಬೇಕಿದ್ದ ದಿನ ಬಾರದೆ ಹೋದ ಗರ್ಭಿಣಿಯ ಹೆಸರಿನ ಮುಂದೆ ‘ಗೈರುಹಾಜರು’ ಎಂದು ಬರೆದು ಕಡತ ಮುಚ್ಚಿಬಿಡುವುದು ಬಹಳ ಸುಲಭ. ಆದರೆ ಬಾರದಿರುವುದೂ ಆಕೆ ಹೇಳುತ್ತಿರುವ ಒಂದು ಮಾತೇ. ಪ್ರಯಾಣಕ್ಕೆ ಹಣವಿರಲಿಲ್ಲವೇ, ಒಂದು ದಿನದ ದುಡಿಮೆ ಬಿಟ್ಟರೆ ಮನೆ ನಡೆಯುವುದಿಲ್ಲವೇ, ಜೊತೆಗಿರುವವನು ಹೊರಗೆ ಬಿಡಲಿಲ್ಲವೇ, ಹಿಂದಿನ ಸಲ ಎಲ್ಲರೆದುರು ಯಾರೋ ಗದರಿದ್ದರೇ, ಕೊಟ್ಟ ಚೀಟಿಯನ್ನು ಓದಲು ಬಾರದೆ ತಾರೀಖೇ ತಪ್ಪಿತೇ, ಅಥವಾ ಹೋದರೆ ಹುಟ್ಟುವ ಮಗುವನ್ನು ತನ್ನಿಂದ ಕಿತ್ತುಕೊಳ್ಳುತ್ತಾರೆ ಎಂಬ ಭಯವೇ ಎಂಬುದನ್ನು ಕೇಳಿ ತಿಳಿಯುವವರೆಗೆ ಆಕೆಗೆ ನೆರವಾಗುವ ಕೆಲಸ ಆರಂಭವಾಗಿಯೇ ಇಲ್ಲ ಎಂದು ನಾನು ನಂಬಿದ್ದೇನೆ.

ವೇಲ್ಸ್‌ನ ಗಣಿ ಕಾರ್ಮಿಕರ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಅವರು 1971ರಲ್ಲಿ ಒಂದು ಕಹಿ ಸತ್ಯವನ್ನು ನಿಯಮದ ರೂಪದಲ್ಲಿ ಮುಂದಿಟ್ಟರು: ಒಳ್ಳೆಯ ವೈದ್ಯಕೀಯ ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ದಕ್ಕುತ್ತದೆ. ಹೆರಿಗೆಯ ವಿಷಯದಲ್ಲಿ ಈ ಮಾತು ಇಂದಿಗೂ ಹಳತಾಗಿಲ್ಲ. ಬಡತನ, ಮನೆಯೊಳಗಿನ ಹಿಂಸೆ, ಮಾನಸಿಕ ಅನಾರೋಗ್ಯ, ಮಾದಕ ವಸ್ತು ಅಥವಾ ಮದ್ಯದ ಅವಲಂಬನೆ, ಅಂಗವೈಕಲ್ಯ, ಎಳೆಯ ವಯಸ್ಸು, ನೆಲೆ ಇಲ್ಲದಿರುವುದು, ಹೊಸ ದೇಶಕ್ಕೆ ವಲಸೆ ಬಂದು ಅಲ್ಲಿನ ಭಾಷೆ ಬಾರದಿರುವುದು, ಸೆರೆಮನೆವಾಸ ಇವುಗಳಲ್ಲಿ ಒಂದೋ ಎರಡೋ ಒಟ್ಟಿಗೆ ಬಂದಾಗ ತಾಯಿ ಮತ್ತು ಮಗು ಇಬ್ಬರಿಗೂ ಅಪಾಯ ಹೆಚ್ಚುತ್ತದೆ, ಅದೇ ಹೊತ್ತಿಗೆ ಆಸ್ಪತ್ರೆಯ ಬಾಗಿಲು ದೂರವಾಗುತ್ತದೆ. ಇಂಥವರನ್ನು ‘ದುರ್ಬಲರು’ ಎಂದು ಕರೆಯುವ ರೂಢಿಯಿದೆ. ಆ ಪದ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಇಷ್ಟೆಲ್ಲ ಹೊತ್ತುಕೊಂಡೂ ಬಸಿರನ್ನು ಕಾಪಾಡಿಕೊಂಡು ಬಂದವರಲ್ಲಿ ಬಲ ಕಡಿಮೆಯಿರುವುದಿಲ್ಲ, ಅವರ ಸುತ್ತಲಿನ ಆಸರೆ ಮಾತ್ರ ತೀರ ದುರ್ಬಲವಾಗಿರುತ್ತದೆ.

ಮುಂದಿನ ಮಾತುಗಳು ಹೆರಿಗೆ ವಿಭಾಗದ ದಾದಿಯರು, ವೈದ್ಯರು, ಸಮಾಜ ಕಾರ್ಯಕರ್ತರು ಮತ್ತು ಸ್ವಯಂಸೇವಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಆದರೆ ಕಷ್ಟದಲ್ಲಿರುವ ಗೆಳತಿಗೋ ತಂಗಿಗೋ ಜೊತೆ ನಿಂತಿರುವವರಿಗೂ ಇವುಗಳಲ್ಲಿ ಹೆಚ್ಚಿನವು ಉಪಯೋಗಕ್ಕೆ ಬರುತ್ತವೆ.

ಮೊದಲ ಭೇಟಿ

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ನೀಡಿದ ಶಿಫಾರಸಿನ ಪ್ರಕಾರ ಗರ್ಭಾವಧಿಯಲ್ಲಿ ಕನಿಷ್ಠ 8 ಬಾರಿ ಆರೋಗ್ಯ ಸಿಬ್ಬಂದಿಯ ಭೇಟಿಯಾಗಬೇಕು, ಅದರಲ್ಲಿ ಮೊದಲನೆಯದು 12 ವಾರಗಳ ಒಳಗೆ ನಡೆಯಬೇಕು. ನೀವು ಜೊತೆ ನಿಲ್ಲಬೇಕಾದ ಗರ್ಭಿಣಿ ಈ ಲೆಕ್ಕಕ್ಕೆ ಸಿಗದಿರುವ ಸಾಧ್ಯತೆಯೇ ಹೆಚ್ಚು. ಆಕೆ ಏಳನೆಯ ತಿಂಗಳಲ್ಲಿ, ಯಾವ ದಾಖಲೆಯೂ ಇಲ್ಲದೆ, ಅಂಜುತ್ತಲೇ ಬಂದು ನಿಲ್ಲಬಹುದು. ಆ ಗಳಿಗೆಯಲ್ಲಿ ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯ ಮುಂದಿನ ಎಲ್ಲವನ್ನೂ ನಿರ್ಧರಿಸುತ್ತದೆ. “ಇಷ್ಟು ದಿನ ಎಲ್ಲಿದ್ದಿರಿ?” ಎಂದು ಕೇಳಿದರೆ ಆಕೆ ಮತ್ತೆ ಬರುವುದು ಅನುಮಾನ. “ನೀವು ಬಂದದ್ದು ಒಳ್ಳೆಯದಾಯಿತು, ಇವತ್ತೇ ಮಾಡಬಹುದಾದ ಕೆಲಸ ಬಹಳಷ್ಟಿದೆ” ಎಂದರೆ ಅದರಲ್ಲಿ ಸುಳ್ಳೇನೂ ಇಲ್ಲ. ತಡವಾಗಿ ಬಂದರೂ ರಕ್ತದೊತ್ತಡ ನೋಡಬಹುದು, ಮೂತ್ರ ಪರೀಕ್ಷಿಸಬಹುದು, ರಕ್ತಹೀನತೆ, ಸಿಫಿಲಿಸ್ ಮತ್ತು ಎಚ್‌ಐವಿಗಾಗಿ ರಕ್ತ ಪರೀಕ್ಷೆ ಮಾಡಬಹುದು. ಎಚ್‌ಐವಿ ಸೋಂಕಿರುವ ತಾಯಿಯಿಂದ ಮಗುವಿಗೆ ಸೋಂಕು ಹರಡುವ ಸಾಧ್ಯತೆ ಯಾವ ಚಿಕಿತ್ಸೆಯೂ ಇಲ್ಲದಿದ್ದಾಗ ಶೇಕಡ 15ರಿಂದ 45ರವರೆಗೆ ಇರುತ್ತದೆ, ಪರಿಣಾಮಕಾರಿ ಚಿಕಿತ್ಸೆ ದೊರೆತರೆ ಅದು ಶೇಕಡ 5ಕ್ಕಿಂತ ಕೆಳಗಿಳಿಯುತ್ತದೆ. ಸ್ವಾಗತದ ಒಂದು ಮಾತಿಗೆ ಇಷ್ಟೊಂದು ಬೆಲೆಯಿದೆ.

ನಮೂನೆ ತುಂಬುವುದನ್ನು ಹತ್ತು ನಿಮಿಷ ಮುಂದಕ್ಕೆ ಹಾಕಿ. ತನ್ನನ್ನು ಏನೆಂದು ಕರೆಯಬೇಕು, ಈಗ ಮನಸ್ಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಚಿಂತೆ ಯಾವುದು, ಇಂದು ಇಲ್ಲಿಗೆ ಬರಲು ಏನೇನು ಮಾಡಬೇಕಾಯಿತು ಎಂದು ಕೇಳಿ. ಆಕೆಯ ಚಿಂತೆ ನಿಮ್ಮ ಪಟ್ಟಿಯಲ್ಲಿ ಇಲ್ಲದಿರಬಹುದು. ನಿಮಗೆ ಆಕೆಯ ರಕ್ತದೊತ್ತಡದ ಯೋಚನೆಯಾದರೆ ಆಕೆಗೆ ಈ ರಾತ್ರಿ ಎಲ್ಲಿ ಮಲಗುವುದು ಎಂಬ ಯೋಚನೆ. ಆ ಎರಡನೆಯದಕ್ಕೆ ಕಿವಿಗೊಡದೆ ಮೊದಲನೆಯದನ್ನು ಸರಿಪಡಿಸಲು ಹೋದವರು ಸಾಮಾನ್ಯವಾಗಿ ಎರಡನ್ನೂ ಕಳೆದುಕೊಳ್ಳುತ್ತಾರೆ.

ಪ್ರತಿ ಭೇಟಿಯಲ್ಲೂ ಸ್ವಲ್ಪ ಹೊತ್ತು ಆಕೆಯೊಬ್ಬಳೊಂದಿಗೇ ಮಾತನಾಡುವುದನ್ನು ನಿಯಮವಾಗಿಸಿಕೊಳ್ಳಿ. ಯಾರೋ ಒಬ್ಬಳ ಮೇಲೆ ಮಾತ್ರ ಅನುಮಾನವಿದ್ದಂತೆ ಕಾಣಬಾರದು, ಆದ್ದರಿಂದ “ನಾವು ಎಲ್ಲ ಗರ್ಭಿಣಿಯರ ಜೊತೆಯೂ ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಮಾತನಾಡುತ್ತೇವೆ” ಎಂದು ಜೊತೆಗೆ ಬಂದವರಿಗೆ ಸಹಜವಾಗಿ ತಿಳಿಸಿ. ಆ ಖಾಸಗಿ ಮಾತಿಗೆ ಮುನ್ನವೇ ಗೋಪ್ಯತೆಯ ಮಿತಿ ಎಲ್ಲಿದೆ ಎಂಬುದನ್ನು ಬಿಚ್ಚಿ ಹೇಳಬೇಕು. ಯಾವುದನ್ನು ನೀವು ನಿಮ್ಮಲ್ಲೇ ಇಟ್ಟುಕೊಳ್ಳುತ್ತೀರಿ, ಯಾವುದನ್ನು ತಂಡದೊಂದಿಗೆ ಹಂಚಿಕೊಳ್ಳುತ್ತೀರಿ, ಯಾರ ಜೀವಕ್ಕಾದರೂ ಅಪಾಯವಿದೆ ಎನಿಸಿದಾಗ ಕಾನೂನಿನ ಪ್ರಕಾರ ಯಾರಿಗೆ ತಿಳಿಸಲೇಬೇಕಾಗುತ್ತದೆ ಎಂಬುದೆಲ್ಲ ಆಕೆಗೆ ಮೊದಲೇ ಗೊತ್ತಿರಬೇಕು. ಗುಟ್ಟನ್ನು ಕೇಳಿಸಿಕೊಂಡ ಮೇಲೆ ಇದನ್ನು ಹೇಳುವುದು ನಂಬಿಸಿ ಕೈಬಿಟ್ಟಂತೆ.

ಕೈ ಹಿಡಿಯಲು ಒಬ್ಬರು

ಕಷ್ಟದಲ್ಲಿರುವ ಗರ್ಭಿಣಿಗೆ ಸಾಮಾನ್ಯವಾಗಿ ನೆರವಿನವರ ಸಂಖ್ಯೆ ಕಡಿಮೆಯೇನಿರುವುದಿಲ್ಲ. ಪ್ರಸೂತಿ ವೈದ್ಯರು, ಮನೋವೈದ್ಯರು, ಸಮಾಜ ಕಾರ್ಯಕರ್ತರು, ವಸತಿ ಅಧಿಕಾರಿ, ವಕೀಲರು ಹೀಗೆ ಹತ್ತಾರು ಮಂದಿ ಇರುತ್ತಾರೆ, ಒಬ್ಬೊಬ್ಬರೂ ಬೇರೆ ಬೇರೆ ದಿನ ಬೇರೆ ಬೇರೆ ಕಟ್ಟಡಕ್ಕೆ ಕರೆಯುತ್ತಾರೆ, ಪ್ರತಿಯೊಬ್ಬರೂ ಅದೇ ನೋವಿನ ಕಥೆಯನ್ನು ಮೊದಲಿನಿಂದ ಹೇಳಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಆರೈಕೆಯಲ್ಲಿ ಅತ್ಯಂತ ಮುಖ್ಯವಾದ ಒಂದೇ ಒಂದು ಏರ್ಪಾಡನ್ನು ಆರಿಸಬೇಕೆಂದರೆ, ಬಸಿರಿನ ಆರಂಭದಿಂದ ಬಾಣಂತನದ ಕೊನೆಯವರೆಗೆ ಒಬ್ಬರೇ ಪರಿಚಿತ ವ್ಯಕ್ತಿ ಆಕೆಯ ಜೊತೆಗಿರುವುದನ್ನೇ ನಾನು ಆರಿಸುತ್ತೇನೆ. ಆ ವ್ಯಕ್ತಿ ದಾದಿಯಾಗಿದ್ದರೆ ಬಹಳ ಒಳ್ಳೆಯದು. ಆಗದಿದ್ದರೆ ತಂಡದಲ್ಲಿ ಯಾರಾದರೂ ಒಬ್ಬರು ಆ ಹೊಣೆ ಹೊರಬೇಕು, ಅವರು ರಜೆಯಲ್ಲಿದ್ದಾಗ ಯಾರು ಸಿಗುತ್ತಾರೆ ಎಂಬುದೂ ಆಕೆಗೆ ಹೆಸರು ಸಹಿತ ಗೊತ್ತಿರಬೇಕು.

ಆ ಒಬ್ಬರು ನೀವೇ ಆಗಿದ್ದರೆ, ಕೊಟ್ಟ ಮಾತನ್ನು ಉಳಿಸಿಕೊಳ್ಳುವುದಕ್ಕಿಂತ ದೊಡ್ಡ ಚಿಕಿತ್ಸೆ ನಿಮ್ಮ ಕೈಯಲ್ಲಿಲ್ಲ. ಗುರುವಾರ ಫೋನ್ ಮಾಡುತ್ತೇನೆ ಎಂದಿದ್ದರೆ ಗುರುವಾರವೇ ಮಾಡಿ, ಹೇಳಲು ಹೊಸದೇನೂ ಇಲ್ಲದಿದ್ದರೂ ಮಾಡಿ. ಮನೆ ಕೊಡಿಸುವುದಾಗಿ ಭರವಸೆ ನೀಡಬೇಡಿ, ವಸತಿಯ ಅರ್ಜಿಯನ್ನು ಜೊತೆಯಲ್ಲಿ ಕುಳಿತು ತುಂಬುತ್ತೇನೆ ಎಂದಷ್ಟೇ ಹೇಳಿ, ಹೇಳಿದ್ದನ್ನು ಮಾಡಿ. ಬದುಕಿನಲ್ಲಿ ಮತ್ತೆ ಮತ್ತೆ ಮೋಸಹೋದವರು ಇತರರ ಮಾತನ್ನು ಸಣ್ಣ ಸಂಗತಿಗಳಲ್ಲಿಯೇ ತೂಗಿ ನೋಡುತ್ತಾರೆ.

ಕಥೆಯನ್ನು ಒಂದೇ ಸಲ ಕೇಳಿ, ಆಕೆಯ ಒಪ್ಪಿಗೆಯಿಂದ ಒಂದು ಪುಟದಲ್ಲಿ ಬರೆದಿಡಿ. ಆರೋಗ್ಯದ ಮುಖ್ಯ ಸಂಗತಿಗಳು, ಈಗ ತೆಗೆದುಕೊಳ್ಳುತ್ತಿರುವ ಔಷಧಗಳು, ಯಾವುದಕ್ಕೆ ಹೆದರಿಕೆ, ಯಾವುದರಿಂದ ಸಮಾಧಾನ, ಯಾರನ್ನು ಕರೆಯಬೇಕು, ಯಾರಿಗೆ ಸುದ್ದಿ ಮುಟ್ಟಬಾರದು ಎಂಬಿಷ್ಟು ಅದರಲ್ಲಿದ್ದರೆ ಸಾಕು. ಬರೆದದ್ದನ್ನು ಆಕೆಗೆ ಓದಿ ಹೇಳಿ, ಬೇಡವೆಂದದ್ದನ್ನು ತೆಗೆಯಿರಿ. ಹೊಸಬರನ್ನು ಕಾಣಬೇಕಾದಾಗಲೆಲ್ಲ ಆಕೆ ಬಾಯಿ ತೆರೆಯುವ ಮೊದಲೇ ಈ ಪುಟ ಮಾತನಾಡುತ್ತದೆ. ಇಲ್ಲಿ ಎಚ್ಚರವೂ ಬೇಕು: ಹಿಂಸೆಯ ವಿವರವಿರುವ ಕಾಗದ ಮನೆಯಲ್ಲಿ ಸಿಕ್ಕಿಬಿದ್ದರೆ ಜೀವಕ್ಕೇ ಕುತ್ತಾಗಬಹುದು, ಅಂಥ ಸಂದರ್ಭದಲ್ಲಿ ಪುಟ ಆಸ್ಪತ್ರೆಯಲ್ಲಿಯೇ ಭದ್ರವಾಗಿರಲಿ.

ಫೋನಿನ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು. ಸಂಖ್ಯೆ ಬರೆದುಕೊಳ್ಳುವಾಗ ಆ ಫೋನ್ ಆಕೆಯದೇ, ಸಂದೇಶಗಳನ್ನು ಬೇರೆ ಯಾರಾದರೂ ಓದುತ್ತಾರೆಯೇ, ಯಾವ ಹೊತ್ತಿನಲ್ಲಿ ಕರೆ ಮಾಡಿದರೆ ಕ್ಷೇಮ ಎಂದು ಕೇಳಲೇಬೇಕು. ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ವೈದ್ಯರ ಭೇಟಿ ಎಲ್ಲವನ್ನೂ ಸಾಧ್ಯವಾದಷ್ಟು ಒಂದೇ ದಿನಕ್ಕೆ ಕೂಡಿಸಿ. ಪ್ರಯಾಣದ ಖರ್ಚಿಗೆ ಸಹಾಯಧನ ಇದ್ದರೆ ಅದು ಕೈಗೆ ಬರುವವರೆಗೆ ಬೆನ್ನುಹತ್ತಿ. ದೊಡ್ಡ ಮಕ್ಕಳನ್ನು ಕರೆದುಕೊಂಡು ಬರಬಹುದು ಎಂದು ಸ್ಪಷ್ಟವಾಗಿ ತಿಳಿಸಿ, ಏಕೆಂದರೆ ಎಷ್ಟೋ ತಾಯಂದಿರು ಅದಕ್ಕೆ ಅವಕಾಶವಿಲ್ಲವೆಂದೇ ಭಾವಿಸಿ ಮನೆಯಲ್ಲಿ ಉಳಿಯುತ್ತಾರೆ. ಇಷ್ಟಾದ ಮೇಲೂ ಭೇಟಿ ತಪ್ಪಿದರೆ ಅಂದೇ ಅಥವಾ ಮರುದಿನ ಸಂಪರ್ಕಿಸಿ, ಕಾರಣ ಕೇಳುವ ಮುನ್ನ ಕ್ಷೇಮ ಕೇಳಿ. ಎರಡು ಬಾರಿ ಬಾರದವರ ಹೆಸರನ್ನು ತೆಗೆದುಹಾಕುವ ನಿಯಮ ನಿಮ್ಮಲ್ಲಿದ್ದರೆ ಅದನ್ನು ಬದಲಿಸುವಂತೆ ಒತ್ತಾಯಿಸಿ. ಆ ನಿಯಮದಿಂದ ಹೊರಬೀಳುವವರಲ್ಲಿ ಆರೈಕೆ ತುರ್ತಾಗಿ ಬೇಕಾದವರೇ ಇರುತ್ತಾರೆ.

ಕಠಿಣ ಪ್ರಶ್ನೆಗಳನ್ನು ಕೇಳುವುದು

ಸಂಗಾತಿಯಿಂದ ನಡೆಯುವ ಹಿಂಸೆ ಬಸಿರಿನಲ್ಲಿ ಮೊದಲ ಬಾರಿ ಆರಂಭವಾಗುವುದೂ ಉಂಟು, ಮೊದಲೇ ಇದ್ದದ್ದು ಉಲ್ಬಣಿಸುವುದೂ ಉಂಟು. ಇದನ್ನು ಕೇಳಲು ಅನೇಕ ಸಿಬ್ಬಂದಿ ಹಿಂಜರಿಯುತ್ತಾರೆ, ಕೇಳಿದರೆ ಆಕೆಗೆ ಅವಮಾನವಾಗುತ್ತದೆ ಎಂದುಕೊಳ್ಳುತ್ತಾರೆ. ಒಬ್ಬಳೇ ಇರುವಾಗ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಮೆಲುದನಿಯಲ್ಲಿ “ಮನೆಯಲ್ಲಿ ಯಾರನ್ನಾದರೂ ಕಂಡರೆ ನಿಮಗೆ ಭಯವಾಗುತ್ತದೆಯೇ? ಯಾರಾದರೂ ಹೊಡೆಯುವುದು, ಬಲವಂತ ಮಾಡುವುದು, ಹಣ ಕಿತ್ತುಕೊಳ್ಳುವುದು ಇದೆಯೇ?” ಎಂದು ನೇರವಾಗಿ ಕೇಳಿ. ಮೊದಲ ಸಲ ಇಲ್ಲ ಎಂದವಳು ಮೂರನೆಯ ಸಲ ಹೌದು ಎನ್ನಬಹುದು, ಹಾಗಾಗಿ ಪ್ರಶ್ನೆಯನ್ನು ಒಂದೇ ಭೇಟಿಗೆ ಮುಗಿಸಬೇಡಿ.

ಹೌದು ಎಂದಾಗ ಏನು ಮಾಡಬೇಕೆಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಐದು ಹೆಜ್ಜೆಗಳನ್ನು ಹೇಳುತ್ತದೆ. ತೀರ್ಪು ಕೊಡದೆ ಕೇಳಿಸಿಕೊಳ್ಳುವುದು, ಆಕೆಗೆ ಈಗ ಬೇಕಾದದ್ದೇನೆಂದು ವಿಚಾರಿಸುವುದು, ನಿಮ್ಮ ಮಾತನ್ನು ನಂಬುತ್ತೇನೆ ಮತ್ತು ಇದು ನಿಮ್ಮ ತಪ್ಪಲ್ಲ ಎಂದು ತಿಳಿಸುವುದು, ಸುರಕ್ಷತೆಯ ಬಗ್ಗೆ ಜೊತೆಗೂಡಿ ಯೋಚಿಸುವುದು, ಮುಂದಿನ ನೆರವಿನ ಕಡೆಗೆ ದಾರಿ ಮಾಡಿಕೊಡುವುದು. “ಅವನನ್ನು ಬಿಟ್ಟು ಬಂದುಬಿಡಿ” ಎಂಬ ಸಲಹೆ ಈ ಐದರಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. ಬಿಟ್ಟು ಹೊರಡುವ ಹೊತ್ತೇ ಅನೇಕ ವೇಳೆ ಅತ್ಯಂತ ಅಪಾಯದ ಹೊತ್ತು. ಯಾವಾಗ, ಹೇಗೆ, ಎಲ್ಲಿಗೆ ಎಂಬುದು ಆಕೆಯ ನಿರ್ಧಾರವಾಗಿರಬೇಕು. ಕತ್ತು ಹಿಸುಕಿದ್ದು, ಆಯುಧ ತೋರಿಸಿದ್ದು, ಕೊಲ್ಲುವ ಬೆದರಿಕೆ ಹಾಕಿದ್ದು ತಿಳಿದುಬಂದರೆ ಮಾತ್ರ ಅದನ್ನು ತುರ್ತು ಸ್ಥಿತಿಯೆಂದೇ ಪರಿಗಣಿಸಿ, ಅಂದೇ ಹಿರಿಯ ಸಹೋದ್ಯೋಗಿಯ ಮತ್ತು ಪರಿಣತರ ನೆರವು ಪಡೆಯಿರಿ.

ಆಕೆಯ ಭಾಷೆ ನಿಮಗೆ ಬಾರದಿದ್ದರೆ ತರಬೇತಿ ಪಡೆದ ದುಭಾಷಿಯನ್ನೇ ಕರೆಯಬೇಕು. ಗಂಡನಿಂದ, ನೆಂಟರಿಂದ, ಅದರಲ್ಲೂ ಮಕ್ಕಳಿಂದ ಅನುವಾದ ಮಾಡಿಸಲೇಬಾರದು. ತಾಯಿಗೆ ರಕ್ತಸ್ರಾವವಾಗುತ್ತಿದೆ ಎಂಬುದನ್ನೋ ತಾಯಿಯನ್ನು ಹೊಡೆದದ್ದು ಯಾರೆಂಬುದನ್ನೋ ಎಂಟು ವರ್ಷದ ಮಗುವಿನ ಬಾಯಲ್ಲಿ ಹೇಳಿಸುವುದು ಕ್ರೌರ್ಯ.

ಮನಸ್ಸಿನ ಆರೋಗ್ಯದ ಬಗ್ಗೆಯೂ ಇಷ್ಟೇ ಸಹಜವಾಗಿ ಕೇಳಬೇಕು. ಜಗತ್ತಿನಾದ್ಯಂತ ಗರ್ಭಿಣಿಯರಲ್ಲಿ ಸುಮಾರು ಶೇಕಡ 10ರಷ್ಟು ಮಂದಿ, ಹೆರಿಗೆಯಾದವರಲ್ಲಿ ಸುಮಾರು ಶೇಕಡ 13ರಷ್ಟು ಮಂದಿ ಮಾನಸಿಕ ಅನಾರೋಗ್ಯವನ್ನು, ಮುಖ್ಯವಾಗಿ ಖಿನ್ನತೆಯನ್ನು ಅನುಭವಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆರಿಗೆಯ ನಂತರದ ಖಿನ್ನತೆಯ ಸುಳಿವು ಹಿಡಿಯಲು 1987ರಲ್ಲಿ ರೂಪುಗೊಂಡ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿದ್ದು ಗರಿಷ್ಠ ಅಂಕ 30. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕುರಿತದ್ದು. ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಆ ಒಂದು ಪ್ರಶ್ನೆಗೆ ‘ಎಂದಿಗೂ ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಉತ್ತರ ಬಂದರೆ ಆಕೆ ಕೋಣೆಯಿಂದ ಹೊರಡುವ ಮೊದಲೇ ಅದರ ಬಗ್ಗೆ ಮಾತನಾಡಬೇಕು. ಪ್ರಶ್ನಾವಳಿ ರೋಗನಿರ್ಣಯವಲ್ಲ, ಮಾತಿಗೆ ಬಾಗಿಲು ತೆರೆಯುವ ಸಾಧನ. ಓದಲು ಬಾರದವರಿಗೆ ಅದನ್ನು ಕೈಗೆ ಕೊಟ್ಟು ಸುಮ್ಮನಾಗಬೇಡಿ.

ಮೊದಲಿನಿಂದ ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು ಬಸಿರಾದ ಸುದ್ದಿ ತಿಳಿದೊಡನೆ ಮಗುವಿನ ಮೇಲಿನ ಕಾಳಜಿಯಿಂದ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿಬಿಡುವುದುಂಟು. ಇದರಿಂದ ಕಾಯಿಲೆ ತೀವ್ರವಾಗಿ ಮರಳಬಹುದು. ವ್ಯಾಲ್‌ಪ್ರೊಯೇಟ್‌ನಂಥ ಕೆಲವು ಔಷಧಗಳು ಭ್ರೂಣಕ್ಕೆ ನಿಜಕ್ಕೂ ಹಾನಿಕರ, ಅವುಗಳನ್ನು ಬದಲಿಸಲೇಬೇಕಾಗಬಹುದು. ಆದರೆ ಬದಲಾವಣೆ ವೈದ್ಯರೊಡನೆ, ತಡಮಾಡದೆ, ಯೋಜಿಸಿಯೇ ಆಗಬೇಕು.

ಮದ್ಯ ಮತ್ತು ಮಾದಕ ವಸ್ತುಗಳ ವಿಷಯದಲ್ಲಿ ಸದುದ್ದೇಶದ ಸಲಹೆಯೇ ಅಪಾಯವಾಗಬಲ್ಲದು. ಬಸಿರಿನಲ್ಲಿ ಮದ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣ ಗೊತ್ತಿಲ್ಲದ ಕಾರಣ ಪೂರ್ತಿ ಬಿಡುವುದೇ ಸರಿ ಎಂಬುದು ನಿಜ. ಆದರೆ ದಿನವೂ ಹೆಚ್ಚು ಕುಡಿದು ದೇಹ ಅದಕ್ಕೆ ಒಗ್ಗಿಹೋದವರು ದಿಢೀರನೆ ನಿಲ್ಲಿಸಿದರೆ ಸೆಳವು ಬರಬಹುದು, ಆದ್ದರಿಂದ ಅವರು ವೈದ್ಯಕೀಯ ನಿಗಾದಲ್ಲಿ ಬಿಡಬೇಕು. ಹೆರಾಯಿನ್‌ನಂಥ ಓಪಿಯಾಯ್ಡ್‌ಗಳ ಅವಲಂಬನೆ ಇರುವ ಗರ್ಭಿಣಿಗೆ ಒಮ್ಮೆಲೇ ನಿಲ್ಲಿಸುವ ಬದಲು ಅದರ ಜಾಗದಲ್ಲಿ ವೈದ್ಯರು ಅಳತೆಯಲ್ಲಿ ಕೊಡುವ ಮೆಥಡೋನ್ ಅಥವಾ ಬ್ಯೂಪ್ರೆನಾರ್ಫಿನ್ ಔಷಧದ ಚಿಕಿತ್ಸೆ ಕೊಡುವುದು ಶಿಫಾರಸಾದ ಕ್ರಮ. ಇದನ್ನೆಲ್ಲ ಹೇಳುವಾಗ ನಿಮ್ಮ ಮುಖದಲ್ಲಿ ಅಸಹ್ಯ ಕಾಣಿಸಿದರೆ ಆಕೆ ಮುಂದೆ ನಿಜ ಹೇಳುವುದಿಲ್ಲ, ಆಕೆ ಮುಚ್ಚಿಟ್ಟದ್ದಕ್ಕೆ ಮಗು ಬೆಲೆ ತೆರುತ್ತದೆ.

ಇವೆಲ್ಲದರ ತಳದಲ್ಲಿ, ಆರಂಭದಲ್ಲಿ ಹೇಳಿದ ಆ ಭಯ ಇದ್ದೇ ಇರುತ್ತದೆ: ಮಗುವನ್ನು ಕಿತ್ತುಕೊಳ್ಳುತ್ತಾರೆಯೇ? ಆಕೆ ಕೇಳದಿದ್ದರೂ ನೀವೇ ಆ ಮಾತೆತ್ತಿ. “ಹಾಗೇನೂ ಆಗುವುದಿಲ್ಲ” ಎಂದು ಸಂತೈಸಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ಮಕ್ಕಳ ರಕ್ಷಣೆಯ ವ್ಯವಸ್ಥೆ ಏನನ್ನು ನೋಡುತ್ತದೆ, ಯಾವ ಸಭೆಗಳು ನಡೆಯುತ್ತವೆ, ಅಲ್ಲಿ ಆಕೆಗೆ ಮಾತನಾಡುವ ಮತ್ತು ವಕೀಲರನ್ನು ಹೊಂದುವ ಹಕ್ಕು ಎಷ್ಟಿದೆ ಎಂಬುದನ್ನು ವಿವರಿಸಿ. ವರದಿ ಬರೆಯಬೇಕಾಗಿ ಬಂದರೆ ಕಳುಹಿಸುವ ಮುನ್ನ ಆಕೆಗೆ ತೋರಿಸಿ. ಹಾಗೆ ತೋರಿಸುವುದರಿಂದಲೇ ಯಾರಿಗಾದರೂ ಅಪಾಯವಾಗುವಂತಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ವರದಿಯಲ್ಲಿ ಕೊರತೆಗಳ ಜೊತೆಗೆ ಆಕೆ ಸರಿಯಾಗಿ ಮಾಡಿದ್ದನ್ನೂ ದಾಖಲಿಸಿ.

ಒಬ್ಬೊಬ್ಬರಿಗೆ ಒಂದೊಂದು ಬಗೆ

ಹದಿಹರೆಯದ ತಾಯಿಗೆ ಉಪದೇಶ ಬೇಕಿಲ್ಲ. ನಿರ್ಧಾರ ತೆಗೆದುಕೊಳ್ಳುವವಳು ತಾನೇ ಎಂಬ ಗೌರವ ಬೇಕು, ಶಾಲೆ ಮುಂದುವರಿಸುವ ದಾರಿ ಬೇಕು. ಬಸಿರು ಬಲವಂತದ ಫಲವೇ ಎಂಬುದನ್ನು ಸೂಕ್ಷ್ಮವಾಗಿ ತಿಳಿಯುವ ಹೊಣೆ ನಿಮ್ಮದು.

ಕಲಿಕೆಯ ತೊಂದರೆ ಇರುವವರಿಗೆ ಒಂದು ಭೇಟಿಯಲ್ಲಿ ಒಂದೇ ಹೊಸ ಸಂಗತಿಯನ್ನು ಹೇಳಿ, ಚಿತ್ರ ತೋರಿಸಿ, ನಿಜವಾದ ಕೋಣೆಗೆ ಕರೆದೊಯ್ದು ನಿಜವಾದ ಹಾಸಿಗೆಯನ್ನು ಮುಟ್ಟಿ ನೋಡಲು ಬಿಡಿ. “ಅರ್ಥವಾಯಿತೇ?” ಎಂದು ಕೇಳಿದರೆ ಯಾರಾದರೂ ಹೌದೆಂದೇ ಹೇಳುತ್ತಾರೆ. “ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ಈ ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಹೇಳಿ” ಎಂದು ಕೇಳಿದರೆ ನಿಮ್ಮ ವಿವರಣೆಯ ಕೊರತೆ ಬೆಳಕಿಗೆ ಬರುತ್ತದೆ. ಈ ಕ್ರಮ ಎಲ್ಲರಿಗೂ ಒಳ್ಳೆಯದು. ದೈಹಿಕ ಅಂಗವೈಕಲ್ಯ ಇರುವವರ ವಿಷಯದಲ್ಲಿ ತಪಾಸಣೆಯ ಮೇಜಿನ ಎತ್ತರ, ಗಾಲಿಕುರ್ಚಿ ತಿರುಗಲು ಜಾಗ, ಸಂಜ್ಞೆ ಭಾಷೆಯ ದುಭಾಷಿ ಇವನ್ನು ಆಕೆ ಬರುವ ದಿನಕ್ಕೆ ಮೊದಲೇ ವಿಚಾರಿಸಿ ಸಿದ್ಧಪಡಿಸಬೇಕು. “ನಿಮ್ಮಿಂದ ಮಗು ಸಾಕಲು ಆಗುತ್ತದೆಯೇ?” ಎಂಬ ಪ್ರಶ್ನೆಯನ್ನು ಅವರು ಈಗಾಗಲೇ ಸಾಕಷ್ಟು ಮಂದಿಯಿಂದ ಕೇಳಿರುತ್ತಾರೆ.

ಸೆರೆಮನೆಯಲ್ಲಿರುವ ಗರ್ಭಿಣಿಯ ಜೊತೆಗಿರುವವರು 2010ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ, ಮಹಿಳಾ ಕೈದಿಗಳನ್ನು ಕುರಿತ ಬ್ಯಾಂಕಾಕ್ ನಿಯಮಗಳನ್ನು ತಿಳಿದಿರಲೇಬೇಕು. ಅವುಗಳಲ್ಲಿ 24ನೆಯ ನಿಯಮದ ಪ್ರಕಾರ ಹೆರಿಗೆ ನೋವಿನ ಸಮಯದಲ್ಲಿ, ಹೆರಿಗೆಯಲ್ಲಿ ಮತ್ತು ಹೆರಿಗೆಯಾದ ಕೂಡಲೇ ಹೆಣ್ಣಿಗೆ ಬೇಡಿ ಅಥವಾ ಬಂಧನದ ಯಾವುದೇ ಸಾಧನವನ್ನು ಎಂದಿಗೂ ಬಳಸುವಂತಿಲ್ಲ. ಕಾವಲಿನವರಿಗೆ ಈ ನಿಯಮವನ್ನು ಹೆರಿಗೆ ಕೋಣೆಯ ಬಾಗಿಲಲ್ಲಿ ವಿವರಿಸಲು ಹೊರಡುವ ಬದಲು ವಾರಗಳ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಿ.

ಹೆರಿಗೆಗೆ ಸಿದ್ಧತೆ

ನೋವು ರಾತ್ರಿ ಎರಡು ಗಂಟೆಗೆ ಬಂದರೆ ಯಾವ ವಾಹನ, ಯಾರು ಕರೆದೊಯ್ಯುತ್ತಾರೆ, ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು 34 ವಾರಗಳಷ್ಟರಲ್ಲಿ ನಿಶ್ಚಯವಾಗಿರಲಿ. ತಡಮಾಡಬಾರದ ಲಕ್ಷಣಗಳನ್ನು ಆಕೆಯ ಬಾಯಿಂದಲೇ ಒಮ್ಮೆ ಹೇಳಿಸಿ: ರಕ್ತಸ್ರಾವ, ನೀರು ಹೋಗುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಅಥವಾ ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಸೆಳವು, ಜ್ವರ, ಉಸಿರಾಟದ ತೊಂದರೆ, ಎದೆನೋವು, ಒಂದು ಕಾಲಿನ ಮೀನಖಂಡದಲ್ಲಿ ನೋವು ಮತ್ತು ಊತ, ಮಗುವಿನ ಮಿಸುಕಾಟ ಕಡಿಮೆಯಾಗುವುದು. ಕೊನೆಯದರ ವಿಷಯದಲ್ಲಿ ಬೆಳಗಾಗಲಿ ಎಂದು ಕಾಯಬಾರದು. ಈ ಹಿಂದೆ ಸುಮ್ಮನೆ ಬಂದಿರೆಂದು ಬೈಸಿಕೊಂಡವರು ಮತ್ತೆ ಬರಲು ಹೆದರುತ್ತಾರೆ, ಹಾಗಾಗಿ “ಹತ್ತು ಸಲ ಬಂದರೂ ತೊಂದರೆಯಿಲ್ಲ” ಎಂದು ಬಾಯಿಬಿಟ್ಟು ಹೇಳಬೇಕು.

ಹೆರಿಗೆ ಕೋಣೆಯಲ್ಲಿ ಆಕೆ ಬಯಸಿದ ಒಬ್ಬರು ನಿರಂತರವಾಗಿ ಪಕ್ಕದಲ್ಲಿರುವುದಕ್ಕೆ ಬಲವಾದ ಆಧಾರವಿದೆ. 17 ದೇಶಗಳಲ್ಲಿ ನಡೆದ 26 ಪ್ರಯೋಗಗಳ, 15,000ಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಇಂಥ ಜೊತೆಯಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚಿತ್ತು, ಸಿಸೇರಿಯನ್ ಕಡಿಮೆಯಿತ್ತು, ನೋವಿನ ಅವಧಿ ತುಸು ಕಡಿಮೆಯಾಗಿತ್ತು, ಹೆರಿಗೆಯ ಬಗ್ಗೆ ಕಹಿ ಭಾವನೆಯೂ ಕಡಿಮೆಯಿತ್ತು. ಯಾರೂ ಇಲ್ಲದವರಿಗೆ ಸ್ವಯಂಸೇವಕರನ್ನು ಮೊದಲೇ ಪರಿಚಯಿಸಿ, ನೋವಿನ ನಡುವೆ ಅಪರಿಚಿತ ಮುಖವೊಂದು ಬಂದು ನಿಲ್ಲುವಂತಾಗಬಾರದು.

ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ಒಳ ತಪಾಸಣೆ, ಮಲಗಿಸಿ ಕಾಲು ಅಗಲಿಸುವುದು, “ಸುಮ್ಮನೆ ಮಲಗಿ” ಎಂಬ ಮಾತು ಇವೆಲ್ಲ ಹಳೆಯ ಭೀತಿಯನ್ನು ಅದೇ ತೀವ್ರತೆಯಲ್ಲಿ ಮರಳಿಸಬಹುದು. ಆಕೆ ತನ್ನ ಗತವನ್ನು ಹೇಳಿಕೊಂಡಿರಬೇಕೆಂದೇನೂ ಇಲ್ಲ, ಆದ್ದರಿಂದ ಎಲ್ಲರಿಗೂ ಒಂದೇ ಕ್ರಮವನ್ನು ಅನುಸರಿಸಿ. ಮುಟ್ಟುವ ಮೊದಲು ಏನು, ಏಕೆ ಎಂದು ಹೇಳಿ, ಒಪ್ಪಿಗೆ ಕೇಳಿ, ಉತ್ತರಕ್ಕೆ ಕಾಯಿರಿ. ನಿಲ್ಲಿಸಲು ಒಂದು ಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಂಡು ಸನ್ನೆ ಬಂದ ಕ್ಷಣ ಕೈ ತೆಗೆಯಿರಿ. ಪಕ್ಕಕ್ಕೆ ಮಲಗಿಯೂ ತಪಾಸಣೆ ಮಾಡಬಹುದು. ಬೇಡವೆಂದರೆ ಬೇರೆ ಲಕ್ಷಣಗಳಿಂದ ಹೆರಿಗೆ ಎಲ್ಲಿಗೆ ಬಂದಿದೆ ಎಂದು ಸಾಕಷ್ಟು ಅಂದಾಜಿಸಬಹುದು. ತುರ್ತು ಸ್ಥಿತಿಯಲ್ಲೂ ಒಬ್ಬರು ತಲೆಯ ಬಳಿ ನಿಂತು, ಹೆಸರು ಹಿಡಿದು, ಏನಾಗುತ್ತಿದೆ ಎಂದು ಹೇಳುತ್ತಿರಬೇಕು. ಹೆರಿಗೆ ಆಸ್ಪತ್ರೆಗಳಲ್ಲಿ ನಡೆಯುವ ಬೈಗುಳ, ಹೊಡೆತ, ಒಪ್ಪಿಗೆಯಿಲ್ಲದ ಚಿಕಿತ್ಸೆ ಇವೆಲ್ಲ ಮಹಿಳೆಯರ ಹಕ್ಕುಗಳ ಉಲ್ಲಂಘನೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿಯೇ ಸ್ಪಷ್ಟವಾಗಿ ಹೇಳಿದೆ. ನಿಮ್ಮೆದುರು ಅದು ನಡೆದರೆ ತಡೆಯಿರಿ.

ತಂದೆಯನ್ನು ಅಥವಾ ಸಂಗಾತಿಯನ್ನು ಮರೆಯಬೇಡಿ. ಆತ ಅಪಾಯಕಾರಿಯಲ್ಲ ಎಂದು ಖಚಿತವಾದ ಮೇಲೆ ಆತನಿಗೂ ಒಂದು ಕುರ್ಚಿ ಹಾಕಿ, ಆತನ ನಿದ್ರೆ, ಭಯ, ಕೆಲಸ ಇವುಗಳ ಬಗ್ಗೆಯೂ ಕೇಳಿ. ಮಗು ಹುಟ್ಟುವ ಹೊತ್ತಿನಲ್ಲಿ ತಂದೆಯರಿಗೂ ಖಿನ್ನತೆ ಬರುತ್ತದೆ, ಅದು ಸಿಟ್ಟು, ಮೌನ ಅಥವಾ ಕುಡಿತದ ವೇಷದಲ್ಲಿ ಬರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೆರಿಗೆಯ ನಂತರ

ಎಲ್ಲರೂ ಮಗುವಿನ ಕಡೆ ತಿರುಗಿ ತಾಯಿ ಒಬ್ಬಳೇ ಆಗುವ ಕಾಲ ಇದು, ನೆರವು ಕಡಿದುಬೀಳುವುದೂ ಇಲ್ಲಿಯೇ. ತೊಂದರೆಯಿಲ್ಲದ ಸಹಜ ಹೆರಿಗೆಯ ನಂತರವೂ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ಆರೈಕೆ ದೊರೆಯಬೇಕು, ಆಮೇಲೆ 48ರಿಂದ 72 ಗಂಟೆಗಳ ನಡುವೆ, 7ರಿಂದ 14 ದಿನಗಳ ನಡುವೆ ಮತ್ತು ಆರನೆಯ ವಾರದಲ್ಲಿ ಹೀಗೆ ಕನಿಷ್ಠ ಮೂರು ಭೇಟಿಗಳಾಗಬೇಕು ಎಂಬುದು 2022ರ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಕಷ್ಟದಲ್ಲಿರುವವರಿಗೆ ಇದು ಸಾಲದು. ಮೊದಲ ಎರಡು ವಾರ ದಿನ ಬಿಟ್ಟು ದಿನವಾದರೂ ಫೋನ್ ಮಾಡುವುದು ಒಳ್ಳೆಯದು.

ಮೂರರಿಂದ ಐದನೆಯ ದಿನದ ಸುಮಾರಿಗೆ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ಎರಡು ವಾರಗಳೊಳಗೆ ಅದು ತಾನಾಗಿ ತಿಳಿಯಾಗುತ್ತದೆ. ಎರಡು ವಾರ ಕಳೆದರೂ ಮುಂದುವರಿದರೆ ಖಿನ್ನತೆಯೆಂದು ಶಂಕಿಸಿ ಚಿಕಿತ್ಸೆಗೆ ಒಯ್ಯಬೇಕು. ಇವೆರಡಕ್ಕಿಂತ ಬೇರೆಯಾದ ಮೂರನೆಯ ಸ್ಥಿತಿಯನ್ನು ಎಲ್ಲರೂ ತಿಳಿದಿರಬೇಕು. 1,000 ಹೆರಿಗೆಗಳಲ್ಲಿ ಒಂದೆರಡರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ನಿದ್ರೆಯೇ ಇಲ್ಲದಿರುವುದು, ಅತಿಯಾದ ಚಟುವಟಿಕೆ, ಗೊಂದಲ, ಇಲ್ಲದ ಧ್ವನಿ ಕೇಳಿಸುವುದು, ವಿಚಿತ್ರ ನಂಬಿಕೆಗಳು ಇವು ಗಂಟೆಗಳಲ್ಲಿಯೇ ಉಲ್ಬಣಿಸಬಹುದು. ಇದು ಪ್ರಸವೋತ್ತರ ಸೈಕೋಸಿಸ್, ಹೃದಯಾಘಾತದಷ್ಟೇ ತುರ್ತು. ಬೈಪೋಲಾರ್ ಕಾಯಿಲೆಯ (ಅತಿಯಾದ ಉತ್ಸಾಹ ಮತ್ತು ಖಿನ್ನತೆ ಬೇರೆ ಬೇರೆ ಕಾಲಕ್ಕೆ ಬರುವ ಕಾಯಿಲೆ) ಹಿನ್ನೆಲೆಯುಳ್ಳವರಿಗೆ ಇದರ ಅಪಾಯ ಹೆಚ್ಚು, ಹಾಗಾಗಿ ಅವರಿಗೆ ಮೊದಲೇ ಯೋಜನೆ ಸಿದ್ಧವಿರಬೇಕು. ಸರಿಯಾದ ಚಿಕಿತ್ಸೆಯಿಂದ ಇದು ಗುಣವಾಗುತ್ತದೆ ಎಂಬುದನ್ನೂ ಮನೆಯವರಿಗೆ ತಿಳಿಸಿ.

ಮಗು ತೀರಿಕೊಂಡಿದ್ದರೆ ಅಥವಾ ನ್ಯಾಯಾಲಯದ ಆದೇಶದಂತೆ ಬೇರೆಯವರ ಆರೈಕೆಗೆ ಹೋಗಿದ್ದರೆ ತಾಯಿಯ ದೇಹಕ್ಕೆ ಅದು ತಿಳಿಯದು, ಎದೆಯಲ್ಲಿ ಹಾಲು ಬರುತ್ತದೆ, ಹೊಲಿಗೆ ನೋಯುತ್ತದೆ. ಅಧಿಕೃತ ಭೇಟಿಗಳು ಮಗುವಿನ ಜೊತೆಗೇ ಹೊರಟುಹೋಗುವ ಈ ಹೊತ್ತಿನಲ್ಲಿ ನೀವು ಹೋಗಿ. ಹಾಲು ನಿಲ್ಲುವವರೆಗೆ ಎದೆನೋವನ್ನು ಹೇಗೆ ನಿಭಾಯಿಸಬೇಕೆಂದು ಹೇಳಿ, ಮಗುವಿನ ಹೆಸರು ಹಿಡಿದು ಮಾತನಾಡಿ, ಹುಟ್ಟಿದ ದಿನದ ಒಂದು ಚಿತ್ರವೋ ಕೈಗೆ ಕಟ್ಟಿದ್ದ ಪಟ್ಟಿಯೋ ಆಕೆ ಬಯಸಿದರೆ ದೊರೆಯುವಂತೆ ನೋಡಿಕೊಳ್ಳಿ. ಮುಂದಿನ ಬಸಿರನ್ನು ತಡೆಯುವ ವಿಧಾನದ ಬಗ್ಗೆ ಮಾಹಿತಿ ಕೊಡಬೇಕು, ಆದರೆ ಯಾವ ಸಹಾಯಕ್ಕೂ ಅದನ್ನು ಷರತ್ತಾಗಿಸಬಾರದು.

ಈ ಕೆಲಸ ನಿಮ್ಮ ಮನಸ್ಸನ್ನೂ ಭಾರವಾಗಿಸುತ್ತದೆ. ವಾರಕ್ಕೊಮ್ಮೆಯಾದರೂ ಅನುಭವಸ್ಥರೊಬ್ಬರ ಜೊತೆ ಕುಳಿತು ಕಂಡದ್ದನ್ನು ಹೇಳಿಕೊಳ್ಳಿ. ಕುಸಿದುಹೋದ ಜೊತೆಗಾರರು ಎಲ್ಲರಿಗಿಂತ ಮೊದಲು ತಪ್ಪಿಸುವುದು ಗುರುವಾರದ ಫೋನನ್ನು.

ಆರನೆಯ ವಾರ ಸಮೀಪಿಸಿದಾಗ ನೀವು ಹಿಂದೆ ಸರಿಯಬೇಕಾದರೆ ಆ ತಾರೀಖನ್ನು ಎರಡು ವಾರ ಮೊದಲೇ ತಿಳಿಸಿ. ಮುಂದೆ ನೋಡಿಕೊಳ್ಳುವವರ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು ಮುಗಿಸಬೇಡಿ. ಆಕೆಯ ಜೊತೆ ಅವರಿದ್ದಲ್ಲಿಗೆ ಹೋಗಿ, ಅವರ ಪಕ್ಕ ಆಕೆಯನ್ನು ಕೂರಿಸಿ, ಮೊದಲು ಬರೆದಿಟ್ಟ ಆ ಒಂದು ಪುಟವನ್ನು ಆಕೆಯ ಕೈಯಿಂದಲೇ ಅವರಿಗೆ ಕೊಡಿಸಿ. ಏನು ಹೇಳಬೇಕು, ಏನು ಬೇಡ ಎಂಬುದನ್ನು ಆಕೆಯೇ ತೀರ್ಮಾನಿಸಲಿ. ಮುಂದಿನ ಭೇಟಿಯ ದಿನ ಗೊತ್ತಾದ ಮೇಲೆ ಎದ್ದು ಬನ್ನಿ, ಆ ದಿನ ಆಕೆ ಹೋದಳೇ ಎಂದು ಸಂಜೆ ಒಮ್ಮೆ ವಿಚಾರಿಸಿ.